ಸಹಾಯ ಬೇಕು: ಸಾಲದ ಕಂತಿನ ನಡುವೆ ದಿನಸಿ ಖರ್ಚು ಇಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ, ಐದು ಜನ. ಅತ್ತೆಯವರ ಆಪರೇಷನ್‌ಗೆ ಮಾಡಿದ ಸಾಲದ ಕಂತು, ಬಾಡಿಗೆ ಕಳೆದರೆ ಊಟಕ್ಕೆ ಉಳಿಯುವುದು 6,000 ರೂಪಾಯಿ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಸಂಘದ ಕಂತಿಗೇ ಹೋಗುತ್ತದೆ.

ಪಡಿತರದ ಅಕ್ಕಿಯಿಂದ ಅನ್ನಕ್ಕೆ ಕೊರತೆಯಿಲ್ಲ. ಕೈ ಕಚ್ಚುತ್ತಿರುವುದು ತೊಗರಿಬೇಳೆ, ಎಣ್ಣೆ, ಹಾಲು. ಬೇಳೆಯ ಬದಲು ಆಗಾಗ ಹುರುಳಿಕಾಳಿನ ಬಸ್ಸಾರು ಮಾಡುತ್ತೇನೆ. ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ, ಒಂದೇ ಸಲದ ಗ್ಯಾಸಿನಲ್ಲಿ ಎರಡೂ ಆಗುತ್ತವೆ. ಮಕ್ಕಳ ಹಾಲು ಕಡಿಮೆ ಮಾಡಲು ಮಾತ್ರ ಮನಸ್ಸು ಒಪ್ಪುವುದಿಲ್ಲ.

ಅಕ್ಕಪಕ್ಕದ ಮನೆಯವರು ಸೇರಿ ಬಂಡಿಪಾಳ್ಯದ ಎಪಿಎಂಸಿಯಿಂದ ಬೇಳೆ ಸಗಟಾಗಿ ತಂದರೆ, ಆಟೋ ಬಾಡಿಗೆ ಕಳೆದೂ ಉಳಿಯುತ್ತದೆಯೇ? ಕನಿಷ್ಠ ಎಷ್ಟು ಕಿಲೋ ಕೊಳ್ಳಬೇಕು? ಎಣ್ಣೆ ಕಡಿಮೆ ಬೇಡುವ ತಿಂಡಿಗಳನ್ನೂ ತಿಳಿಸಿ. ಹೊಸ ಸಾಲದ ಸಲಹೆ ದಯವಿಟ್ಟು ಬೇಡ.