ಎಕ್ಸ್‌ಪಲ್ಸ್ ಬೈಕ್ ಮನೇಲೇ ರೆಡಿ ಮಾಡ್ಕೋಬೇಕು, ಸೈಲೆನ್ಸರಿಂದ ಶುರು ಮಾಡ್ಲಾ?

ಹೆತ್ತೂರ್_ಹೈದ:
ಎಲ್ರಿಗೂ ನಮಸ್ಕಾರ. ನಂದು ಸಕಲೇಶಪುರ ತಾಲೂಕು, ಹೆತ್ತೂರು ಕಡೆ. ಈಚೆಗೆ ಸೆಕೆಂಡ್ ಹ್ಯಾಂಡಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ತಗೊಂಡೆ, 2022 ಮಾಡ್ಲು. ಹಿಂದಿನ ಓನರ್ ಬೆಂಗ್ಳೂರಲ್ಲಿ ಆಫೀಸಿಗೆ ಓಡಿಸ್ತಿದ್ನಂತೆ, ಗಾಡಿ ಮಣ್ಣೇ ಕಂಡಿಲ್ಲ ಪಾಪ, ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್ ಮೇಲೆ ಒಂದು ಗೀರೂ ಇಲ್ಲ.

ನಂಗೆ ಬೇಕಿರೋದು ತೋಟದೊಳಗೆ ಓಡಾಡೋಕೆ, ಭಾನುವಾರ ಪಕ್ಕದ ಎಸ್ಟೇಟ್ ಹುಡುಗ್ರ ಜೊತೆ ಟ್ರಯಲ್ (ಮಣ್ಣು ದಾರಿ ಸವಾರಿ) ಹೊಡಿಯೋಕೆ. ಆದ್ರೆ ಆಗಾಗ ಹಾಸನಕ್ಕೂ ಇದ್ರಲ್ಲೇ ಹೋಗ್ಬೇಕು, ಮನೇಲಿ ಬೇರೆ ಬೈಕ್ ಇಲ್ಲ, ಹಾಗಾಗಿ ಪೂರ್ತಿ ರೇಸ್ ಗಾಡಿ ಮಾಡೋ ಹಾಗಿಲ್ಲ. ಬಜೆಟ್ 30 ಸಾವಿರ, ಎಳೆದ್ರೆ 35. ರ‍್ಯಾಲಿ ಕಿಟ್ (ಕಂಪನೀದೇ ರೇಸ್ ಪಾರ್ಟ್ಸ್ ಸೆಟ್) ಹಾಕ್ಸು ಅಂತಾರೆ ಎಲ್ರೂ, ಅದು 2020ರಲ್ಲಿ ಬಂದಾಗ್ಲೇ 38 ಸಾವಿರ ಇತ್ತು, ನನ್ ಕೈಗೆ ಎಟುಕಲ್ಲ. ಕೆಲ್ಸ ಎಲ್ಲ ಮನೇಲೇ ಮಾಡ್ಬೇಕು ಅಂತ, ಸ್ಪ್ಯಾನರ್ ಸೆಟ್ ಇದೆ, ಪಲ್ಪರ್ ಮೋಟ್ರು, ವೀಡ್ ಕಟರ್ ಎಲ್ಲ ನಾನೇ ಬಿಚ್ಚಿ ಜೋಡಿಸ್ತೀನಿ, ಕೈ ಹೆದರಲ್ಲ.

ತಲೇಲಿರೋ ಆರ್ಡರ್: ಮೊದ್ಲು ಸೈಲೆನ್ಸರ್, ಆಮೇಲೆ ಎಲ್‌ಇಡಿ ಲೈಟು, ಹ್ಯಾಂಡಲ್ ಬಾರ್, ದುಡ್ಡು ಉಳಿದ್ರೆ ಟೈರು. ಸರೀನಾ? ಮಳೆ ಶುರುವಾಗೋಕ್ ಮುಂಚೆ ಮುಗಿಸ್ಬೇಕು.

ಕೆಸರುಗದ್ದೆ:
ಸೈಲೆನ್ಸರ್ ಹಾಕ್ಸು ಗುರು, ನಿಮ್ ಕಡೆ ಆನೆಗಳಿಗೆ ಅರ್ಧ ಕಿಲೋಮೀಟ್ರು ದೂರದಿಂದ್ಲೇ ನೀನು ಬರ್ತಿರೋದು ಗೊತ್ತಾಗುತ್ತೆ 😂 ನಿಂಗೆ ಮಾತ್ರ ಅವು ಪಕ್ಕದಲ್ಲಿ ಸೊಪ್ಪು ಮುರಿಯೋ ಸದ್ದು ಕೇಳ್ಸಲ್ಲ.

ಮೂಡಿಗೆರೆ_ಮೆಕ್ಕು:
ಮೇಲಿನವ್ರು ತಮಾಷೆಗೆ ಹೇಳಿದ್ರೂ ವಿಷ್ಯ ಖರೆ ಮಾರಾಯ.

ನಿನ್ನ ಆರ್ಡರ್ ಪೂರ್ತಿ ತಿರುಗ್ಸಿ ಹಾಕು, ಕಡೇದು ಮೊದ್ಲಿಗೆ ಬರ್ಲಿ. ಆ ಗಾಡೀಲಿ ಇರೋದೇ 19 ಪಿಎಸ್ ಪವರು, ಬಿಎಸ್6 ಎಫ್‌ಐ (ಪೆಟ್ರೋಲನ್ನ ಕಂಪ್ಯೂಟರ್ ಅಳೆದು ಬಿಡೋ) ಗಾಡಿ, ಹೊಗೆ ಶುದ್ಧ ಮಾಡೋ ಕ್ಯಾಟ್ ಕಿತ್ತು ಖಾಲಿ ಪೈಪ್ ಹಾಕ್ಸಿದ್ರೆ ಸೌಂಡ್ ಬರುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ (ಗಾಳಿಗೆ ಪೆಟ್ರೋಲ್ ಕಮ್ಮಿ ಬೀಳುತ್ತೆ), ಥ್ರಾಟಲ್ ಬಿಟ್ಟಾಗೆಲ್ಲ ಪಟ್ ಪಟ್ ಅಂತ ಹೊಡ್ಕೊಳುತ್ತೆ, ಇಂಜಿನ್ ಬಿಸಿ ಜಾಸ್ತಿ. ಅದನ್ನ ಸರಿ ಮಾಡೋಕೆ ಮತ್ತೆ ಇಸಿಯು (ಇಂಜಿನ್ ಕಂಪ್ಯೂಟರ್) ಮ್ಯಾಪಿಂಗ್ ಅಂತ ಇನ್ನೊಂದಷ್ಟು ದುಡ್ಡು. ಇಷ್ಟೆಲ್ಲಾ ಮಾಡಿ ಕಡೆಗೆ ಏರಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗ್ತಾ ಇದ್ರೆ ಪವರ್ ತಗೊಂಡು ಎಂತ ಮಾಡ್ತಿ?

ಅರ್ಧ ದುಡ್ಡು ಟೈರಿಗೆ ಹಾಕು. ಮುಂದೆ 90/90-21, ಹಿಂದೆ 120/80-18, ಈ ಸೈಜಿಗೆ ನಾಬಿ ಟೈರು (ಮೈಮೇಲೆ ದಪ್ಪ ಗಡ್ಡೆ ಗಡ್ಡೆ ಇರೋ ಮಣ್ಣಿನ ಟೈರು) ಸಿಗುತ್ತೆ. ಕಂಪನಿ ಟೈರು ಒಣ ಮಣ್ಣು, ಜಲ್ಲಿಗೆ ಮೋಸ ಇಲ್ಲ, ನಮ್ಮ ಜೂನ್ ತಿಂಗಳ ಕೆಂಪು ಮಣ್ಣಿಗೆ ಆಗಲ್ಲ. ಗ್ಯಾಪಲ್ಲಿ ರಾಗಿಮುದ್ದೆ ಮೆತ್ತಿದ ಹಾಗೆ ಮೆತ್ಕೊಂಡು ಹತ್ತು ಮಾರು ಹೋಗೋದ್ರೊಳಗೆ ಟೈರು ನುಣ್ಣಗೆ. ನಾಬ್‌ಗಳ ಮಧ್ಯೆ ದೂರ ಇದ್ರೆ ಚಕ್ರ ತಿರುಗೋ ಜೋರಿಗೆ ಮಣ್ಣು ಎಗರಿ ಹೋಗುತ್ತೆ, ತಗೊಳೋವಾಗ ಅದನ್ನೇ ನೋಡು, ನಾಬ್ ಎಷ್ಟು ಎತ್ತರ ಅನ್ನೋದಕ್ಕಿಂತ.

ಟೈರ್ ಮನೇಲೇ ಹಾಕ್ತೀಯ ಅಂತಾದ್ರೆ ಒಂದೆರಡು ಮಾತು. ಸ್ಪೋಕ್ ಚಕ್ರ, ಒಳಗೆ ಟ್ಯೂಬ್ ಇದೆ. ಲಿವರ್ ಹಾಕೋವಾಗ ಎದುರುಗಡೆ ಬೀಡ್‌ನ (ಟೈರಿನ ಒಳ ಅಂಚು) ಮೊಣಕಾಲಲ್ಲಿ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸ್ಬೇಕು, ಅಲ್ಲಿ ಇಳೀತು ಅಂದ್ರೆ ಈ ಕಡೆ ಸಲೀಸಾಗಿ ಬರುತ್ತೆ, ಇಳಿಸ್ದೇ ಜೋರ್ ಮಾಡಿದ್ರೆ ಟ್ಯೂಬ್ ಕಚ್ಕೊಂಡು ಹೊಸ ಟ್ಯೂಬಿಗೆ ತೂತು. ಸೋಪ್ ನೀರು ಧಾರಾಳ ಹಚ್ಚು, ಟ್ಯೂಬಿಗೆ ಟಾಲ್ಕಂ ಪೌಡ್ರು. ಮತ್ತೆ ವಾಲ್ವ್ ಬುಡದಲ್ಲಿ ಇರೋ ನಟ್ ಇದೆಯಲ್ಲ ಅದನ್ನ ರಿಮ್ಮಿಗೆ ಬಿಗೀಬೇಡ, ಮೇಲೆ ಕ್ಯಾಪ್ ಹತ್ರ ತಂದು ಬಿಡು. ಗಾಳಿ ಕಮ್ಮಿ ಇಟ್ಟು ಓಡಿಸಿದಾಗ ಟೈರು ರಿಮ್ ಮೇಲೆ ಜಾರುತ್ತೆ, ಜೊತೆಗೆ ಟ್ಯೂಬೂ ಎಳೀತದೆ, ವಾಲ್ವ್ ಓರೆಯಾಗಿ ನಿಂತಿದ್ರೆ ನೋಡಿದ ತಕ್ಷಣ ಗೊತ್ತಾಗುತ್ತೆ, ಸರಿ ಮಾಡ್ಕೋಬಹುದು. ನಟ್ ಬಿಗಿದಿದ್ರೆ ಓರೆ ಆಗಲ್ಲ, ಸೀದಾ ಬುಡದಲ್ಲಿ ಹರಿಯುತ್ತೆ, ಆ ತೂತಿಗೆ ಪ್ಯಾಚೂ ಕೂರಲ್ಲ.

ಬ್ಯಾಗಲ್ಲಿ ಸ್ಪೇರ್ ಒಂದೇ ಟ್ಯೂಬ್ ಇಡೋದಾದ್ರೆ 21 ಇಂಚಿಂದು ಇಡು, ಹಿಂದಿನ 18ಕ್ಕೂ ಮಡಚಿ ತುರುಕಿ ಮನೆ ಸೇರ್ಬಹುದು.

ತಾರ್_ರೋಡ್_ರಾಜ:
ಒಪ್ತೀನಿ ಆದ್ರೆ ಅವ್ರು ಹಾಸನಕ್ಕೂ ಹೋಗ್ಬೇಕು ಅಂದಿದಾರಲ್ಲ. ಪಕ್ಕಾ ನಾಬಿ ಹಾಕ್ಕೊಂಡು ಎನ್‌ಎಚ್ 75ರಲ್ಲಿ ಮಳೇಲಿ ಬ್ರೇಕ್ ಹೊಡೆದು ನೋಡ್ಲಿ, ಜೀವ ಬಾಯಿಗ್ ಬರುತ್ತೆ. ಮುಂದೆ ನಾಬಿ ಹಾಕಿ ಹಿಂದೆ 50-50 ಟೈರ್ (ಅರ್ಧ ಟಾರಿಗೆ, ಅರ್ಧ ಮಣ್ಣಿಗೆ) ಹಾಕೋದು ನನ್ ಪ್ರಕಾರ ಬೆಸ್ಟು. ಮುಂದಿನ ಚಕ್ರ ಜಾರಿದ್ರೆ ಬೀಳೋದೇ, ಹಿಂದಿಂದು ಜಾರಿದ್ರೆ ಹೇಗೋ ಸಂಭಾಳಿಸ್ಬಹುದು. ಹಿಂದಿನ ನಾಬಿ ಟಾರಲ್ಲಿ ಬೇಗ ಸವೆಯೋದು ಬೇರೆ.

ಮೂಡಿಗೆರೆ_ಮೆಕ್ಕು:
@ತಾರ್_ರೋಡ್_ರಾಜ ಹೌದು, ಟಾರ್ ಓಡಾಟ ಜಾಸ್ತಿ ಇದ್ರೆ ಹಾಗೇ ಮಾಡ್ಲಿ. ತೋಟದ ಏರು ಕಡಿದಾಗಿದ್ರೆ ಮಾತ್ರ ಹಿಂದೆ 50-50 ಸಾಕಾಗಲ್ಲ, ಅದು ಅವ್ನ ತೋಟ ನೋಡಿ ಅವ್ನೇ ಹೇಳ್ಬೇಕು.

ಕಾಯ್ದೆ_ಕಾಕ:
ಸೈಲೆನ್ಸರ್ ಬಗ್ಗೆ ಇನ್ನೊಂದು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡೀಲಿ ಹೊಸದಾಗಿ ಬರೆದ 182ಎ ಪ್ರಕಾರ ಒಂದೊಂದು ಆಲ್ಟರೇಶನ್‌ಗೂ 5 ಸಾವಿರ ಫೈನ್, ಇಲ್ಲಾಂದ್ರೆ 6 ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಟೈರು, ಹ್ಯಾಂಡ್ ಗಾರ್ಡು ನೋಡಿ ಯಾರೂ ಹಿಡಿಯಲ್ಲ, ಸೌಂಡ್ ಕೇಳಿ ಹಿಡೀತಾರೆ.

ಇನ್ನು ಟ್ರಯಲ್ ಅಂತ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹುಲ್ಲುಗಾವಲಿಗೆ ಗಾಡಿ ಇಳಿಸ್ಬೇಡಿ ದಯವಿಟ್ಟು. ಶೋಲಾ ಹುಲ್ಲಿನ ಮೇಲೆ ಒಂದ್ಸಲ ಚಕ್ರದ ಗೆರೆ ಬಿತ್ತು ಅಂದ್ರೆ ಮಳೆ ನೀರು ಅದೇ ದಾರಿ ಹಿಡಿಯುತ್ತೆ, ಮುಂದಿನ ವರ್ಷಕ್ಕೆ ಅದು ಚರಂಡಿ. ರಿಸರ್ವ್ ಫಾರೆಸ್ಟಿಗೆ ಪರ್ಮಿಶನ್ ಇಲ್ದೆ ನುಗ್ಗಿದ್ರೆ ಕೇಸೂ ಹಾಕ್ತಾರೆ. ಸ್ವಂತ ತೋಟ, ಒಪ್ಪಿಗೆ ಕೊಟ್ಟ ಪಕ್ಕದವ್ರ ತೋಟ, ಅಷ್ಟು ಸಾಕು.

ಆಲ್ದೂರ್_ಅಕ್ಕ:
ನಾನೂ ಇದೇ ಗಾಡಿ ಓಡ್ಸೋದು, ಚಿಕ್ಕಮಗಳೂರು ಪಕ್ಕ ಆಲ್ದೂರು, ಕೂಲಿಯವ್ರಿಗೆ ಊಟ ತಗೊಂಡು ಹೋಗೋದ್ರಿಂದ ಹಿಡಿದು ಎಲ್ಲದಕ್ಕೂ ಇದೇ. ದುಡ್ಡು ಖರ್ಚಿಲ್ದೇ ಆಗೋ ಕೆಲ್ಸನ ಯಾರೂ ಹೇಳಿಲ್ಲ ಇನ್ನೂ, ಅದನ್ನ ನಾನು ಹೇಳ್ತೀನಿ.

ಮೊದ್ಲು ಕ್ಲಚ್ಚು, ಬ್ರೇಕ್ ಲಿವರ್ ಕೆಳಗೆ ತಿರುಗ್ಸಿ. ಅಂಗಡಿಯಿಂದ ಬರೋವಾಗ ಕೂತು ಓಡ್ಸೋಕೆ ಇರುತ್ತೆ, ಟ್ರಯಲಲ್ಲಿ ನಿಂತೇ ಓಡ್ಸೋದು ಜಾಸ್ತಿ, ನಿಂತಾಗ ಮುಂಗೈ ನೆಟ್ಟಗಿದ್ದು ಬೆರಳು ಲಿವರಿಗೆ ಸೀದಾ ಸಿಗ್ಬೇಕು. ಕ್ಲ್ಯಾಂಪ್ ಬಿಚ್ಚಿದಾಗ ಹ್ಯಾಂಡಲ್ ಮೇಲೆ ಆ ಜಾಗದಲ್ಲಿ ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು ಸುತ್ತಿ, ಆಮೇಲೆ ಹದವಾಗಿ ಟೈಟ್ ಮಾಡಿ. ಕೈಯಲ್ಲಿ ಅಲ್ಲಾಡ್ಸಿದ್ರೆ ಅಲ್ಲಾಡ್ಬಾರ್ದು, ಗಾಡಿ ಬಿದ್ದಾಗ ಮಾತ್ರ ಲಿವರ್ ತಿರುಗ್ಬೇಕು. ತಿರುಗಿದ್ರೆ ಮುರಿಯಲ್ಲ. ಹ್ಯಾಂಡಲ್ ರೈಸರ್ (ಹ್ಯಾಂಡಲ್ ಎತ್ತರಿಸೋ ತುಂಡು) ಹಾಕೋದಾದ್ರೆ ಹಾಕಿದ್ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗ್ಸಿ ನೋಡಿ, ಐಡಲ್ ಏರಿದ್ರೆ ಕೇಬಲ್ ಎಳೀತಿದೆ ಅಂತ ಅರ್ಥ, ಹಾಗೇ ಓಡಿಸ್ಬೇಡಿ.

ಎರಡ್ನೇದು ಸ್ಯಾಗ್, ಅಂದ್ರೆ ನೀವು ಕೂತಾಗ ಗಾಡಿ ಕುಸಿಯೋ ಅಳತೆ. ಇದನ್ನ ಸೆಟ್ ಮಾಡ್ದೇ ಸಸ್ಪೆನ್ಷನ್ ಸರಿ ಇಲ್ಲ ಅಂತ ಬೈಯ್ಯೋರೇ ಜಾಸ್ತಿ. ಹಿಂದಿನ ಚಕ್ರ ಗಾಳೀಲಿ ನೇತಾಡೋ ಹಾಗೆ ಗಾಡಿ ಎತ್ತಿ ನಿಲ್ಸಿ, ಆಕ್ಸಲ್ಲಿಂದ ಮೇಲೆ ಸೀಟಿನ ಹತ್ರ ಒಂದು ಗುರುತಿಗೆ ಟೇಪಲ್ಲಿ ಅಳೀರಿ. ಆಮೇಲೆ ಬೂಟು ಹೆಲ್ಮೆಟ್ಟು ಬ್ಯಾಗು ಎಲ್ಲ ಹಾಕ್ಕೊಂಡು ನೀವು ಗಾಡಿ ಮೇಲೆ ಕೂತು, ಇನ್ನೊಬ್ರ ಕೈಲಿ ಅದೇ ಎರಡು ಪಾಯಿಂಟ್ ಅಳಿಸಿ. ಎರಡರ ವ್ಯತ್ಯಾಸ ಟ್ರಾವೆಲ್ಲಿನ (ಚಕ್ರ ಮೇಲೆ ಕೆಳಗೆ ಆಡೋ ದೂರ) ಮೂರರಲ್ಲಿ ಒಂದು ಭಾಗದಷ್ಟು ಇರ್ಬೇಕು, ಈ ಗಾಡೀಲಿ ಹಿಂದೆ 170 ಎಂಎಂ ಟ್ರಾವೆಲ್, ಅಂದ್ರೆ 55 ಎಂಎಂ ಆಸುಪಾಸು. ಜಾಸ್ತಿ ಕುಸಿದ್ರೆ ಪ್ರಿಲೋಡ್ (ಸ್ಪ್ರಿಂಗನ್ನ ಮೊದ್ಲೇ ಅದುಮಿಡೋದು) ಏರ್ಸಿ, 10 ಸ್ಟೆಪ್ ಇದೆ. ಒಂದು ವಿಷ್ಯ ತಿಳ್ಕೊಳಿ, ಪ್ರಿಲೋಡ್ ಏರ್ಸಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಗಾಡಿ ನಿಲ್ಲೋ ಎತ್ತರ ಬದ್ಲಾಗುತ್ತೆ ಅಷ್ಟೆ. ಪೂರ್ತಿ ಏರ್ಸಿದ್ ಮೇಲೂ ಕುಸೀತಾ ಇದ್ರೆ ನಿಮ್ ತೂಕಕ್ಕೆ ಆ ಸ್ಪ್ರಿಂಗ್ ಸಾಲಲ್ಲ, ಆಗ ಸ್ಪ್ರಿಂಗೇ ಬೇರೆ ಹಾಕ್ಬೇಕು.

ಸೀಟ್ 825 ಎಂಎಂ, ನಂಗೆ ಎರಡೂ ಕಾಲು ಪೂರ್ತಿ ಎಟುಕಲ್ಲ, ಗಾಡಿ ತಗ್ಗಿಸೋ ಲೋವರಿಂಗ್ ಲಿಂಕ್ ಹಾಕ್ಸಿ ಅಂತ ಸಲಹೆ ಕೊಟ್ಟೋರು ಬೇಕಾದಷ್ಟು ಜನ. ಹಾಕ್ಸಿಲ್ಲ. ಇರೋ ಗ್ರೌಂಡ್ ಕ್ಲಿಯರೆನ್ಸ್ ಕಳ್ಕೊಂಡು ಕಲ್ಲಿಗೆ ಹೊಟ್ಟೆ ಬಡಿಸೋದಕ್ಕಿಂತ ಒಂದ್ಕಡೆ ಜಾರಿ ಒಂಟಿ ಕಾಲಲ್ಲಿ ನಿಲ್ಲೋದು ಕಲ್ತ್ರೆ ಆಯ್ತು.

ಹೆತ್ತೂರ್_ಹೈದ:
ಅಬ್ಬಾ ಇಷ್ಟೊಂದು ಬರೀತೀರ ಅನ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಸೈಲೆನ್ಸರ್ ಸದ್ಯಕ್ಕೆ ಪಕ್ಕಕ್ಕಿಟ್ಟೆ (ಆಸೆ ಹೋಗಿಲ್ಲ 😅). ನಮ್ ತೋಟ ಇಳಿಜಾರೇ ಜಾಸ್ತಿ, ಹಾಗಾಗಿ ಎರಡೂ ನಾಬಿ, ಹಾಸನಕ್ಕೆ ನಿಧಾನಕ್ಕೆ ಹೋಗ್ತೀನಿ.

ಇನ್ನೂ ಮೂರು ಡೌಟು. ಗಾಳಿ ಎಷ್ಟಿಡ್ಲಿ? ಏರಿಗೆ ಸ್ಪ್ರಾಕೆಟ್ (ಚೈನ್ ಹಲ್ಲುಚಕ್ರ) ಬದ್ಲಾಯಿಸೋದಾದ್ರೆ ಮುಂದಿಂದಾ ಹಿಂದಿಂದಾ? ಮತ್ತೆ ತೊಳೆಯೋಕೆ ತೋಟಕ್ಕೆ ಔಷಧಿ ಹೊಡೆಯೋ ಎಚ್‌ಟಿಪಿ ಪಂಪ್ ಇದೆ, ಒಳ್ಳೆ ಪ್ರೆಷರ್ ಬರುತ್ತೆ, ಅದ್ರಲ್ಲೇ ಹೊಡೀಬಹುದಾ?

ಆಲ್ದೂರ್_ಅಕ್ಕ:
ಪಂಪ್ ವಿಷ್ಯದಲ್ಲಿ ಹುಷಾರು. ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದ ಪಂಪ್ ಆದ್ರೆ ಡ್ರಮ್ಮು, ಪೈಪು ಎಲ್ಲ ಕಡೆ ಮೈಲುತುತ್ತದ ಅಂಶ ಉಳಿದಿರುತ್ತೆ, ಅದು ಅಲ್ಯೂಮಿನಿಯಮ್ಮನ್ನ ತಿನ್ನುತ್ತೆ, ಇಂಜಿನ್ ಕೇಸು ಅಲ್ಯೂಮಿನಿಯಮ್ಮೇ ಅಲ್ವಾ. ಬೇರೆ ಪೈಪಲ್ಲಿ ಸಾದಾ ನೀರು ಬಿಡಿ ಸಾಕು. ಜೋರು ನೀರನ್ನ ಚಕ್ರದ ಬೇರಿಂಗಿಗೆ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಪಿವಟ್ಟಿಗೆ, ರೇಡಿಯೇಟರ್ ಥರ ಮುಂದೆ ಇರೋ ಆಯಿಲ್ ಕೂಲರಿಗೆ ನೇರ ಹೊಡೀಬೇಡಿ, ಬೇರಿಂಗ್ ಸೀಲ್ ದಾಟಿ ನೀರು ಒಳಗೆ ಹೋದ್ರೆ ಗ್ರೀಸ್ ತೊಳ್ಕೊಂಡು ಹೋಗುತ್ತೆ. ಬ್ಯಾಶ್ ಪ್ಲೇಟ್ ಬಿಚ್ಚಿ ತೊಳೀರಿ, ಅದ್ರ ಮೇಲೆ ಸೇರೋ ಮಣ್ಣು ಒಣಗಿ ಕೂತ್ರೆ ಇಂಜಿನ್ ಬಿಸಿ ಹೊರಗ್ ಹೋಗಲ್ಲ.

ಇನ್ನೊಂದು, ಕಣದಲ್ಲಿ ಕಾಫಿ ಒಣಗ್ತಿರೋ ಟೈಮಲ್ಲಿ ಅಲ್ಲಿ ಗಾಡಿ ಬಿಚ್ಚೋಕೆ ಕೂರ್ಬೇಡಿ, ಒಂದು ತೊಟ್ಟು ಇಂಜಿನ್ ಆಯಿಲ್ ಬಿದ್ರೆ ಮನೇಲಿ ಊಟ ಹಾಕಲ್ಲ.

ತಾರ್_ರೋಡ್_ರಾಜ:
ಗಾಳಿ: ರಿಮ್ ಲಾಕ್ (ಟೈರು ರಿಮ್ ಮೇಲೆ ಜಾರದ ಹಾಗೆ ಹಿಡಿಯೋ ಕ್ಲ್ಯಾಂಪ್) ಇಲ್ದೇ 18 ಪಿಎಸ್‌ಐಗಿಂತ ಕೆಳಗೆ ಇಳಿಸ್ಬೇಡ. ಕಲ್ಲು ಜಾಸ್ತಿ ಇದ್ರೆ 20. ಕಮ್ಮಿ ಇಟ್ರೆ ಹಿಡಿತ ಚೆನ್ನಾಗಿರುತ್ತೆ ನಿಜ, ಆದ್ರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಜೋಡಿ ತೂತು ಬೀಳುತ್ತೆ. ಹಾಸನ ರೋಡಿಗೆ ಬರೋ ಮುಂಚೆ ವಾಪಸ್ ತುಂಬ್ಸು, ಸೈಕಲ್ ಪಂಪ್ ಆದ್ರೂ ಪರ್ವಾಗಿಲ್ಲ ಬ್ಯಾಗಲ್ಲಿರ್ಲಿ.

ಲೈಟು: 20 ವ್ಯಾಟಿಂದು ಎರಡು ಹಾಕು, ಬ್ಯಾಟರಿಯಿಂದ ನೇರ ವೈರ್ ಎಳೆದು ರಿಲೇ, 5 ಆಂಪ್ ಫ್ಯೂಸ್. ಕಂಪನಿ ವೈರಿಂಗ್ ಕಟ್ ಮಾಡ್ಬೇಡ, ಅಷ್ಟೆ.

ಮೂಡಿಗೆರೆ_ಮೆಕ್ಕು:
ಸ್ಪ್ರಾಕೆಟ್ ಮುಂದಿಂದೇ ಬದ್ಲಾಯ್ಸು. ಈಗ ಮುಂದೆ 13 ಹಲ್ಲು, ಹಿಂದೆ 40. ಮುಂದೆ 12 ಹಾಕಿದ್ರೆ ಹತ್ರ ಹತ್ರ ಎಂಟು ಪರ್ಸೆಂಟ್ ಎಳೆತ ಜಾಸ್ತಿ, ಹಿಂದೆ 43 ಹಾಕಿದ್ರೂ ಅಷ್ಟೇ ಸಿಗೋದು, ಆದ್ರೆ ದೊಡ್ಡ ಸ್ಪ್ರಾಕೆಟ್ ಹಾಕಿದ್ರೆ ಆಕ್ಸಲ್ ಸೆಂಟಿಮೀಟ್ರಿನಷ್ಟು ಮುಂದೆ ತರ್ಬೇಕಾಗುತ್ತೆ, ಅಷ್ಟು ಜಾಗ ಇಲ್ದಿದ್ರೆ ಚೈನೂ ಉದ್ದ ತರ್ಬೇಕು. ಮುಂದೆ ಒಂದು ಹಲ್ಲು ಕಮ್ಮಿ ಮಾಡಿದ್ರೆ ಆಕ್ಸಲ್ ಹಿಂದೆ ಹೋಗೋದು ಮೂರು ನಾಲ್ಕು ಎಂಎಂ, ಇರೋ ಚೈನೇ ಸಾಕು. ರೇಟೂ ಕಮ್ಮಿ. ತೊಂದ್ರೆ ಅಂದ್ರೆ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಜಾಸ್ತಿ ಬಗ್ಗಿ ಬೇಗ ಸವೆಯುತ್ತೆ, ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಸ್ಲೈಡರನ್ನೂ ಉಜ್ಜುತ್ತೆ, ಸರ್ವೀಸಲ್ಲಿ ಅದನ್ನ ನೋಡ್ತಾ ಇರು. ಹೈವೇಲಿ 80ರಲ್ಲಿ ಇಂಜಿನ್ ಮೊದ್ಲಿಗಿಂತ ಕೂಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡ.

ಬಿಚ್ಚೋ ಕ್ರಮ: ಹಿಂದಿನ ಚಕ್ರ ಕಳಚೋಕ್ ಮುಂಚೆನೇ ಮುಂದಿನ ಸ್ಪ್ರಾಕೆಟ್ ಬೋಲ್ಟ್ ಲೂಸ್ ಮಾಡು, ಯಾರಾದ್ರೂ ಹಿಂದಿನ ಬ್ರೇಕ್ ಒತ್ತಿ ಹಿಡಿದಿರ್ಲಿ, ಇಲ್ಲಾಂದ್ರೆ ಸ್ಪ್ರಾಕೆಟ್ ಸುಮ್ನೆ ತಿರುಗ್ತಾನೇ ಇರುತ್ತೆ. ಜೋಡಿಸಿದ್ ಮೇಲೆ ಚೈನ್ ಸ್ಲ್ಯಾಕ್ (ಸಡಿಲ) ಸ್ಟ್ಯಾಂಡ್ ಮೇಲೆ ನೋಡಿ ಬಿಡ್ಬೇಡ. ಒಬ್ರನ್ನ ಸೀಟ್ ಮೇಲೆ ಒತ್ತಿ ಕೂರ್ಸು, ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೇಲಿ ಬಂದಾಗ ಚೈನ್ ಅತಿ ಬಿಗಿ ಇರೋದು, ಆಗ್ಲೂ ಒಂಚೂರು ಆಟ ಉಳಿದಿರ್ಬೇಕು. ಉಳಿದಿಲ್ಲ ಅಂದ್ರೆ ಮೊದ್ಲನೇ ಹಳ್ಳದಲ್ಲೇ ಗೇರ್‌ಬಾಕ್ಸ್ ಬೇರಿಂಗ್ ಮೇಲೆ ಏಟು. ಎರಡೂ ಕಡೆ ಅಡ್ಜಸ್ಟರ್ ಗೆರೆ ಸಮ ಇದೆಯಾ ನೋಡು, ಆಕ್ಸಲ್ ನಟ್ ಬಿಗಿ, ಒಂದು ರೌಂಡ್ ತೋಟದಲ್ಲಿ ಸುತ್ತಿ ಬಂದು ಸ್ಪೋಕೂ ಆ ನಟ್ಟೂ ಇನ್ನೊಂದ್ಸಲ ಚೆಕ್ ಮಾಡು. ಟೈರ್ ಬಂದ್ಮೇಲೆ ಫೋಟೋ ಹಾಕು.