ಕಡಲಿಲ್ಲದ ಊರಿನಲ್ಲಿ ಕಡಲಡಿಯ ಸ್ವಾಯತ್ತ ವಾಹನ: ಅನುಭವವಿದ್ದವರು ದಾರಿ ತೋರಿಸಿ

ಕೇಳಿದವರು, ಕಲಬುರಗಿ

ಶರಣು. ನಾವು ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಂತಿಮ ವರ್ಷ ಓದುತ್ತಿರುವ ನಾಲ್ವರು. ಸಮುದ್ರದೊಳಗೆ ತಾನೇ ದಾರಿ ಹುಡುಕಿಕೊಂಡು ಚಲಿಸಿ, ನೀರಿನ ಉಷ್ಣತೆ ಮತ್ತು ಲವಣಾಂಶವನ್ನು ದಾಖಲಿಸಿ ಬರುವ ಮಾನವರಹಿತ ವಾಹನವೊಂದನ್ನು ಕಟ್ಟಬೇಕೆಂದು ಹೊರಟಿದ್ದೇವೆ. ಉದ್ದ 1.2 ಮೀಟರ್, ತೂಕ 20 ಕಿಲೋ, ಇಳಿಯಬೇಕಾದ ಆಳ 50 ಮೀಟರ್, ಮುಖ್ಯ ಕೊಳವೆಯ ವ್ಯಾಸ 15 ಸೆಂಟಿಮೀಟರ್ ಎಂದು ಅಂದಾಜು ಮಾಡಿಕೊಂಡಿದ್ದೇವೆ. ಮುಂದೆ ಕಾರವಾರದ ಕಡೆ ಒಯ್ದು ಸಮುದ್ರಕ್ಕೆ ಇಳಿಸುವ ಆಸೆಯಿದೆ. ಸಮುದ್ರವನ್ನೇ ಕಾಣದ ಊರಿನಲ್ಲಿ ಇದನ್ನು ಎಲ್ಲಿ ಪರೀಕ್ಷಿಸುತ್ತೀರಿ, ಬೇರೆ ವಿಷಯ ಆರಿಸಿಕೊಳ್ಳಿ ಎಂದು ಹಲವರು ಹೇಳುತ್ತಿದ್ದಾರೆ. ಕೃತಕ ಬುದ್ಧಿಮತ್ತೆಗೆ ಯಾವ ಕಂಪ್ಯೂಟರ್ ಹಾಕಬೇಕು, ನೀರು ಸೋರದಂತೆ ಹೇಗೆ ಕಟ್ಟಬೇಕು, ಎಲ್ಲಿ ಪರೀಕ್ಷಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಶಹಾಬಾದಿನಿಂದ

ತಮ್ಮಂದಿರೇ, ವಿಷಯವನ್ನು ಬಿಡಬೇಡಿ. ನಾನು ಶಹಾಬಾದಿನವನು. ಓದುವಾಗ ಇಂಥದ್ದೇ ಒಂದು ವಾಹನವನ್ನು ಗೆಳೆಯರೊಂದಿಗೆ ಕಟ್ಟಿದ್ದೆ, ಆಮೇಲೆ ಆರು ವರ್ಷ ಪಶ್ಚಿಮ ಕರಾವಳಿಯಲ್ಲಿ ಸಮುದ್ರತಳದ ಸಮೀಕ್ಷೆಯ ಕೆಲಸದಲ್ಲಿದ್ದೆ. ನೀವು ಮೊದಲು ಕೇಳಿದ್ದು ಕಂಪ್ಯೂಟರಿನ ಬಗ್ಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ವಾಹನ ನೀರಿಗೆ ಇಳಿದು, ಒಣಗಿದ ಹೊಟ್ಟೆಯೊಂದಿಗೆ ನಿಮ್ಮ ಕೈಗೆ ಮರಳಿ ಬರುವಂತೆ ಮಾಡುವುದೇ ಮೊದಲ ವಿನ್ಯಾಸ. ಅದು ಎಷ್ಟು ಜಾಣವಾಗಿರಬೇಕೆಂಬುದು ಆಮೇಲಿನ ಮಾತು.

ನಮ್ಮ ಮೊದಲ ವಾಹನವನ್ನು ಸೋದರಮಾವನ ಹೊಲದ ಬಾವಿಗೆ ಹಗ್ಗ ಕಟ್ಟಿ ಇಳಿಸಿದ್ದೆವು. ಮೂರೇ ಮೀಟರ್ ಆಳ, ಅರ್ಧ ಗಂಟೆ. ಮೇಲೆತ್ತಿ ಮುಚ್ಚಳ ತೆಗೆದಾಗ ಕೊಳವೆಯ ತಳದಲ್ಲಿ ಎರಡು ಚಮಚೆಯಷ್ಟು ನೀರು ನಿಂತಿತ್ತು, ಮೋಟಾರ್ ನಿಯಂತ್ರಕದ ಕಾಲುಗಳಲ್ಲಿ ಆಗಲೇ ಹಸಿರು ಕಿಲುಬು ಕಾಣಿಸಿಕೊಂಡಿತ್ತು. ನೀರು ಒಳಬರದಂತೆ ಮುಚ್ಚಳಕ್ಕೆ ಹಾಕುವ ರಬ್ಬರ್ ಉಂಗುರವಾದ ಓ-ರಿಂಗನ್ನು ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದರೆ, ಕಪ್ಪು ರಬ್ಬರಿನ ಮೇಲೆ ಅಡ್ಡಡ್ಡಲಾಗಿ ಒಂದು ಬಿಳಿ ಎಳೆ ಅಂಟಿತ್ತು. ಕೈ ಒರೆಸಿಕೊಂಡ ಹತ್ತಿಯ ಟವೆಲ್ಲಿನ ನೂಲು ಅದು. ಗ್ರೀಸ್ ಹಚ್ಚುವಾಗ ನಮ್ಮ ಬೆರಳಿನಿಂದಲೇ ಅಲ್ಲಿಗೆ ಹೋಗಿತ್ತು. ಕೂದಲಿನಷ್ಟು ತೆಳುವಾದ ಆ ಎಳೆ ನೀರಿಗೆ ಕಾಲುವೆಯಾಗಿತ್ತು. ಅಂದಿನಿಂದ ಮುಚ್ಚಳ ಹಾಕುವ ಮೇಜಿನ ಹತ್ತಿರ ಟವೆಲ್ಲನ್ನು ಬರಗೊಡುವುದಿಲ್ಲ. ನೂಲು ಬಿಡದ ಕಾಗದದಿಂದ ಒರೆಸಿ, ಉಗುರಿನ ತುದಿಯಷ್ಟೇ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ, ಒಬ್ಬರು ಕೂರಿಸಿದ ರಿಂಗನ್ನು ಇನ್ನೊಬ್ಬರು ದೀಪದ ಬೆಳಕಿನಲ್ಲಿ ಸುತ್ತಲೂ ನೋಡಿದ ಮೇಲೆಯೇ ಮುಚ್ಚುತ್ತೇವೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಳ ಹೆಚ್ಚಿದಂತೆ ನೀರಿನ ಒತ್ತಡವೇ ಓ-ರಿಂಗನ್ನು ಅದರ ಗಾಡಿಯ, ಅಂದರೆ ಅದು ಕೂರಲು ಕೊರೆದ ತೋಡಿನ, ಗೋಡೆಗೆ ಬಿಗಿಯಾಗಿ ಒತ್ತುತ್ತದೆ. ಹಾಗಾಗಿ ಆಳದಲ್ಲಿ ಸೋರದ ಮುಚ್ಚಳ ಮೇಲ್ಮಟ್ಟದಲ್ಲಿ ಸೋರುವುದುಂಟು. ನೀರಿಗಿಳಿಸುವ ಮುನ್ನ ಪ್ರತಿ ಸಲವೂ ನಿರ್ವಾತ ಪರೀಕ್ಷೆ ಮಾಡಿ. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎಳೆಯುವ ಕೈಪಂಪು ಸಾಕು. ಒಳಗಿನ ಗಾಳಿಯನ್ನು ಅರ್ಧದಷ್ಟು ಎಳೆದು, ಒತ್ತಡಮಾಪಕದ ಮುಳ್ಳು ಇಪ್ಪತ್ತು ನಿಮಿಷ ಅಲುಗದೆ ನಿಲ್ಲುತ್ತದೆಯೇ ನೋಡಿ. ನಮ್ಮ ಊರಿನಲ್ಲಿ ಇದನ್ನು ಬೆಳಗ್ಗೆ ಬೇಗನೆ, ನೆರಳಿನಲ್ಲಿ ಮಾಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಕೊಳವೆ ಕಾದರೆ ಒಳಗಿನ ಗಾಳಿಯ ಒತ್ತಡ ಏರಿ, ಸೋರದಿದ್ದರೂ ಸೋರಿದಂತೆ ಮುಳ್ಳು ತೋರಿಸುತ್ತದೆ. ಬಿಸಿಲಿನ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಸಾಮಾನ್ಯ ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಮುಚ್ಚಿದ ಕೊಳವೆ ಬಿಸಿಲಿಗೆ ಬಿದ್ದರೆ ಆ ಮಟ್ಟವನ್ನು ಬೇಗನೆ ದಾಟುತ್ತದೆ.

ಆಳದ ಲೆಕ್ಕಕ್ಕೆ ಬರೋಣ. ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. 50 ಮೀಟರಿನಲ್ಲಿ ನಿಮ್ಮ 15 ಸೆಂಟಿಮೀಟರ್ ಮುಚ್ಚಳದ ಮೇಲೆ ಬೀಳುವ ಭಾರ 900 ಕಿಲೋದ ಆಸುಪಾಸಿನಲ್ಲಿರುತ್ತದೆ, ಅಂದರೆ ಕ್ವಿಂಟಲಿನ ಒಂಬತ್ತು ಚೀಲ ತೊಗರಿಯನ್ನು ಆ ಬಿಲ್ಲೆಯ ಮೇಲೆ ಒಟ್ಟಿದಂತೆ. ಮುಚ್ಚಳದ ದಪ್ಪವನ್ನು ಕಣ್ಣಳತೆಯಲ್ಲಿ ನಿರ್ಧರಿಸದೆ ಲೆಕ್ಕ ಹಾಕಿ ನಿರ್ಧರಿಸಿ. ಆಮೇಲೆ ದಪ್ಪ ಉಕ್ಕಿನ ಪೈಪಿಗೆ ಫ್ಲ್ಯಾಂಜ್ (ಬೋಲ್ಟ್ ಹಾಕಿ ಬಿಗಿಯುವ ಅಂಚುಬಳೆ) ಹಾಕಿಸಿ, ಅದರೊಳಗೆ ಖಾಲಿ ಕೊಳವೆಯನ್ನಿಟ್ಟು, ಗಾಳಿ ಚೂರೂ ಉಳಿಯದಂತೆ ನೀರು ತುಂಬಿ, ಪೈಪ್‌ಲೈನ್ ಪರೀಕ್ಷಿಸುವ ಕೈಪಂಪಿನಿಂದ 7.5 ಬಾರ್‌ವರೆಗೆ ಏರಿಸಿ ಒಂದು ಗಂಟೆ ಬಿಡಿ. ಗಾಳಿಯಿಂದ ಒತ್ತಡ ಏರಿಸಲು ಎಂದೂ ಹೋಗಬೇಡಿ. ಒತ್ತಿದ ಗಾಳಿ ಒಡೆದು ಹೊರಬಂದರೆ ಅದು ಸಿಡಿಮದ್ದಿಗೆ ಸಮ.

ಇನ್ನು ತೇಲುವಿಕೆ. ಬಾವಿಯ ನೀರಿನಲ್ಲಿ ಮೇಲೂ ಏರದೆ ಕೆಳಗೂ ಇಳಿಯದೆ ಚೆನ್ನಾಗಿ ನಿಲ್ಲುವಂತೆ ಹೊಂದಿಸಿದ ವಾಹನವನ್ನು ನಾವು ಮೊದಲ ಸಲ ಸಮುದ್ರಕ್ಕೆ ಒಯ್ದಾಗ ಅದು ಮುಳುಗಲೇ ಇಲ್ಲ. ಸಿಹಿನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋ, ಸಮುದ್ರದ ನೀರಿನದು ಸುಮಾರು 1025. ನಿಮ್ಮ 20 ಕಿಲೋ ವಾಹನಕ್ಕೆ ಸಮುದ್ರದಲ್ಲಿ ಅರ್ಧ ಕಿಲೋ ಹೆಚ್ಚುವರಿ ತೇಲುವ ಬಲ ಬರುತ್ತದೆ. ಅದನ್ನು ಥ್ರಸ್ಟರ್, ಅಂದರೆ ವಾಹನವನ್ನು ನೂಕುವ ಮೋಟಾರ್ ಪಂಖ, ಒತ್ತಿಹಿಡಿಯಬೇಕಾದರೆ ಬ್ಯಾಟರಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಊರಿನಲ್ಲಿಯೇ ಸಮುದ್ರ ಮಾಡಿಕೊಳ್ಳಬಹುದು: ಸಾವಿರ ಲೀಟರಿನ ತೊಟ್ಟಿಗೆ 35 ಕಿಲೋ ಹರಳುಪ್ಪು ಕರಗಿಸಿದರೆ ಸರಿಸುಮಾರು ಸಮುದ್ರದ ಉಪ್ಪಿನಂಶವೇ ಆಗುತ್ತದೆ. ಆ ನೀರನ್ನು ಎರೆಹೊಲಕ್ಕೆ ಮಾತ್ರ ಚೆಲ್ಲಬೇಡಿ, ಮಣ್ಣು ಹಾಳಾಗುತ್ತದೆ. ಹೊಂದಿಸುವಾಗ ಸೀಸದ ತುಂಡುಗಳನ್ನು ಕೆಳಗೆ, ನೊರೆಹಲಗೆಯನ್ನು ಮೇಲೆ ಇಡಿ. ಗುರುತ್ವ ಕೇಂದ್ರ ತೇಲು ಕೇಂದ್ರಕ್ಕಿಂತ ಕೆಳಗಿದ್ದರೆ ವಾಹನ ಉರುಳಿದರೂ ತಾನೇ ನೆಟ್ಟಗಾಗುತ್ತದೆ. ಕೊನೆಗೆ ನೂರು ಗ್ರಾಂನಷ್ಟು ತೇಲುವ ಬಲ ಉಳಿಯಲಿ. ಎಲ್ಲವೂ ಕೈಕೊಟ್ಟ ದಿನ ಅದು ನಿಧಾನವಾಗಿಯಾದರೂ ಮೇಲೆ ಬರಬೇಕು.

ಮರಳಿ ಬರುವುದಕ್ಕೇ ಒಂದು ಪ್ರತ್ಯೇಕ ವ್ಯವಸ್ಥೆ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ. ವಿದ್ಯುತ್ಕಾಂತ ಹಿಡಿದುಕೊಂಡಿರುವ ಒಂದು ತೂಕವನ್ನು ಹೊಟ್ಟೆಯಡಿ ಕಟ್ಟಿ. ಬ್ಯಾಟರಿ ಸತ್ತರೆ ಕಾಂತ ಬಿಡುತ್ತದೆ, ತೂಕ ಬೀಳುತ್ತದೆ, ವಾಹನ ಏರುತ್ತದೆ. ಇದಕ್ಕೆ ಮುಖ್ಯ ಕಂಪ್ಯೂಟರಿನ ಅಪ್ಪಣೆ ಬೇಕಾಗಬಾರದು. ನೀರು ಸೋರಿದರೆ, ನಿಗದಿಪಡಿಸಿದ ಆಳ ಅಥವಾ ಸಮಯ ಮೀರಿದರೆ, ಬೇರೆಯೇ ಒಂದು ಸಣ್ಣ ನಿಯಂತ್ರಕ ಅದನ್ನು ಬಿಡಿಸಬೇಕು. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನವನ್ನು ಹುಡುಕಲು ಹಿಂದೂ ಮಹಾಸಾಗರದಲ್ಲಿ ಬ್ಲೂಫಿನ್-21 ಎಂಬ ಸ್ವಾಯತ್ತ ವಾಹನವನ್ನು ಇಳಿಸಿದಾಗ, ಮೊದಲ ಸಲವೇ ಅಲ್ಲಿನ ಆಳ ಅದರ 4500 ಮೀಟರ್ ಮಿತಿಯನ್ನು ಮೀರಿತ್ತು. ವಾಹನ ತಾನಾಗಿಯೇ ಕೆಲಸ ನಿಲ್ಲಿಸಿ ಮೇಲೆ ಬಂತು. ಅಂದು ಅದು ಕಾಣೆಯಾಗದೆ ಉಳಿದದ್ದರಿಂದಲೇ ಮುಂದಿನ ವಾರಗಳಲ್ಲಿ ಹುಡುಕಾಟ ನಡೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ನೆರಿಯಸ್ ಎಂಬ ವಾಹನ ನ್ಯೂಜಿಲೆಂಡಿನ ಈಶಾನ್ಯದ ಕರ್ಮಡೆಕ್ ಕಂದಕದಲ್ಲಿ ಸುಮಾರು 9900 ಮೀಟರ್ ಆಳದಲ್ಲಿ ನಾಶವಾಯಿತು. ಅಷ್ಟು ಅನುಭವಿಗಳ ಕೈಯಿಂದಲೂ ಸಮುದ್ರ ಕಿತ್ತುಕೊಳ್ಳುತ್ತದೆ ಎಂಬುದನ್ನು ಮೊದಲ ರೇಖಾಚಿತ್ರ ಬರೆಯುವಾಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ವೇಗದ ಆಸೆ ಬೇಡ. ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ನಿಮಗೆ ಸಾಕು. ಥ್ರಸ್ಟರನ್ನೇ ಬಳಸದೆ, ಹೊಟ್ಟೆಯ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿ ಏರಿಳಿಯುತ್ತಾ ಸಾಗುವ ಗ್ಲೈಡರ್‌ಗಳು ಅದಕ್ಕಿಂತಲೂ ನಿಧಾನವಾಗಿ ಹೋಗುತ್ತವೆ. ಅಂಥ ಒಂದು ಗ್ಲೈಡರ್ 2009ರಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ಹೊರಟು 221 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಸ್ಪೇನ್ ತಲುಪಿತು.

ಉತ್ತರ, ಯಾದಗಿರಿ ಜಿಲ್ಲೆಯ ಶಹಾಪುರದಿಂದ

ನಾನು ಇಪ್ಪತ್ತೆರಡು ವರ್ಷಗಳಿಂದ ಸಬ್‌ಮರ್ಸಿಬಲ್ ಪಂಪುಗಳ ರಿವೈಂಡಿಂಗ್ ಕೆಲಸ ಮಾಡುತ್ತಿದ್ದೇನೆ. ಸಮುದ್ರದ ವಾಹನವನ್ನು ನಾನು ಕಟ್ಟಿದವನಲ್ಲ, ಆದರೆ ಕಳೆದ ವರ್ಷ ನಮ್ಮ ಊರಿನ ಹುಡುಗನೊಬ್ಬ ತನ್ನ ಕಾಲೇಜಿನ ಇಂಥದ್ದೇ ವಾಹನದ ಮೋಟಾರನ್ನು ನನ್ನ ಅಂಗಡಿಗೆ ತಂದಿದ್ದ. ಸಾಧಾರಣ ಮೋಟಾರನ್ನು ಡಬ್ಬಿಯಲ್ಲಿಟ್ಟು, ಶಾಫ್ಟು ಹೊರಬರುವ ಕಡೆ ಸೀಲು ಹಾಕಿ, ಎರಡು ತಿಂಗಳು ಅವರು ನೀರಿನೊಂದಿಗೆ ಹೋರಾಡಿದ್ದರು. ತಿರುಗುವ ಶಾಫ್ಟಿನ ಸೀಲು ಇಂದಲ್ಲ ನಾಳೆ ಸೋರಿಯೇ ತೀರುತ್ತದೆ. ನಮ್ಮ ಬೋರ್‌ವೆಲ್ಲಿನ ಎಷ್ಟೋ ಮೋಟಾರುಗಳು ನೀರನ್ನು ತಡೆಯಲು ಹೋಗುವುದೇ ಇಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯಿಂದ ಸುತ್ತಿ, ಒಳಗೆ ನೀರನ್ನೇ ತುಂಬಿ ಇಳಿಸುತ್ತೇವೆ. ನೀರೇ ಅದಕ್ಕೆ ತಂಪು, ಬೇರಿಂಗಿಗೆ ನೀರೇ ಎಣ್ಣೆ. ನೀರೊಳಗಿನ ವಾಹನಗಳಿಗೆಂದೇ ಮಾಡಿದ ಬ್ರಷ್‌ಲೆಸ್ ಥ್ರಸ್ಟರ್‌ಗಳೂ ಹೀಗೆಯೇ, ಸುರುಳಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಲೇಪಿಸಿ ಉಳಿದದ್ದನ್ನು ನೀರಿಗೆ ತೆರೆದಿಟ್ಟಿರುತ್ತಾರೆ ಎಂದು ಆ ಹುಡುಗ ತೋರಿಸಿದಾಗ ನನಗೆ ಬಹಳ ಸಂತೋಷವಾಯಿತು. ಅದನ್ನೇ ಬಳಸಿ. ಸಮುದ್ರದಿಂದ ತೆಗೆದೊಡನೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಕೇಬಲ್ ವಿಷಯದಲ್ಲಿ ಎಚ್ಚರವಿರಲಿ. ಹೊರಗೆಲ್ಲೋ ಕೇಬಲ್ಲಿನ ಹೊದಿಕೆ ಸೂಜಿಮೊನೆಯಷ್ಟು ತರಚಿದರೂ ನೀರು ತಾಮ್ರದ ಎಳೆಗಳ ಸಂದಿಯಲ್ಲಿ, ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರಿ, ಮೀಟರುಗಟ್ಟಲೆ ಸಾಗಿ ಡಬ್ಬಿಯೊಳಗೆ ತೊಟ್ಟಿಕ್ಕುತ್ತದೆ. ಮುಚ್ಚಳವನ್ನು ಎಷ್ಟು ನೋಡಿದರೂ ತೂತು ಸಿಗುವುದಿಲ್ಲ. ಆದ್ದರಿಂದ ಕೇಬಲ್ ಮುಚ್ಚಳವನ್ನು ಹಾಯುವ ಜಾಗದಲ್ಲಿ ಹೊದಿಕೆ ಸುಲಿದು, ಎಳೆಗಳನ್ನು ಬಿಡಿಸಿ ಬೆಸುಗೆ ತುಂಬಿ, ಆ ಭಾಗವನ್ನೇ ಎಪಾಕ್ಸಿಯಲ್ಲಿ ಹೂತುಬಿಡಿ.

ಬ್ಯಾಟರಿಯ ಡಬ್ಬಿಯನ್ನು 10 ಸೆಂಟಿಮೀಟರ್ ವ್ಯಾಸದೊಳಗೆ ಮಾಡಿಕೊಂಡರೆ, ಆರೂವರೆ ಇಂಚಿನ ಕೇಸಿಂಗ್ ಇರುವ, ಪಂಪು ಮೇಲೆತ್ತಿದ ಬೋರ್‌ವೆಲ್ಲಿನಲ್ಲಿ ಖಾಲಿ ಡಬ್ಬಿಯನ್ನು ಭಾರ ಕಟ್ಟಿ ಇಳಿಸಿ ನೋಡಬಹುದು. ಆಳವನ್ನು ನೆಲದಿಂದ ಎಣಿಸಬಾರದು, ನೀರಿನ ಮಟ್ಟದಿಂದ ಎಣಿಸಬೇಕು. ಕೆಲಸ ಮುಗಿದ ಕ್ಷಣವೇ ಬೋರಿನ ಬಾಯಿಗೆ ಮುಚ್ಚಳ ಬಿಗಿಯಿರಿ. ತೆರೆದ ಬೋರ್‌ವೆಲ್ ಮಕ್ಕಳಿಗೆ ಏನು ಮಾಡುತ್ತದೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಉತ್ತರ, ಬೀದರಿನಿಂದ

ಇಬ್ಬರೂ ಹಿರಿಯರು ಹೇಳಿದ್ದಕ್ಕೆ ದಾರಿ ಹುಡುಕುವ ವಿಷಯವನ್ನಷ್ಟೇ ಸೇರಿಸುತ್ತೇನೆ. ಜಿಪಿಎಸ್ ಸಂಕೇತ ನೀರಿನೊಳಗೆ ಇಳಿಯುವುದಿಲ್ಲ, ವೈಫೈ ಕೂಡ ಒಂದು ಮೊಳಕ್ಕೆ ಸಾಯುತ್ತದೆ. ದೂರ ಹೋಗುವುದು ಶಬ್ದ ಮಾತ್ರ, ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ. ವೇಗೋತ್ಕರ್ಷದ ಸೆನ್ಸರನ್ನು ನಂಬಿ ಸ್ಥಾನವನ್ನು ಲೆಕ್ಕ ಹಾಕುತ್ತೇವೆಂದು ನಾನೂ ಒಂದು ಕಾಲಕ್ಕೆ ಹೊರಟಿದ್ದೆ. ಸೆನ್ಸರಿನಲ್ಲಿ 0.01 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ಸಣ್ಣ ತಪ್ಪಿದ್ದರೂ ಒಂದು ನಿಮಿಷದಲ್ಲಿ 18 ಮೀಟರ್, ಹತ್ತು ನಿಮಿಷದಲ್ಲಿ 1800 ಮೀಟರ್ ದಾರಿ ತಪ್ಪುತ್ತದೆ. ತಳಕ್ಕೆ ಶಬ್ದ ಬಿಟ್ಟು ವೇಗ ಅಳೆಯುವ ಡಾಪ್ಲರ್ ಉಪಕರಣ ಇದನ್ನು ಸರಿಪಡಿಸುತ್ತದೆಯಾದರೂ ಅದರ ಬೆಲೆ ವಿದ್ಯಾರ್ಥಿಗಳ ಕೈಗೆಟುಕುವುದಿಲ್ಲ. ದಿಕ್ಸೂಚಿ ಮತ್ತು ಥ್ರಸ್ಟರ್ ವೇಗದ ಅಂದಾಜಿನಿಂದ ನಡೆಸಿ, ಐದೈದು ನಿಮಿಷಕ್ಕೊಮ್ಮೆ ಮೇಲೆ ಬಂದು ಜಿಪಿಎಸ್ ನೋಡಿಕೊಳ್ಳುವ ಕ್ರಮ ಇಟ್ಟುಕೊಳ್ಳಿ. ದಿಕ್ಸೂಚಿಯನ್ನು ಬ್ಯಾಟರಿ ತಂತಿಗಳಿಂದ ದೂರವಿಟ್ಟು, ಥ್ರಸ್ಟರ್ ಪೂರ್ತಿ ಓಡುತ್ತಿರುವಾಗ ಅದು ಎಷ್ಟು ಡಿಗ್ರಿ ತಪ್ಪುತ್ತದೆಂದು ಮೊದಲೇ ಅಳೆದುಕೊಳ್ಳಿ. ಇಷ್ಟಕ್ಕೆ ಅಂಗೈಯಗಲದ ಸಾಧಾರಣ ಕಂಪ್ಯೂಟರ್ ಧಾರಾಳವಾಗಿ ಸಾಕು.

ಬಾವಿ ಮುಗಿದ ಮೇಲೆ ಕಾರಂಜಾ, ಬೆಣ್ಣೆತೊರೆ, ನಾರಾಯಣಪುರ ಜಲಾಶಯಗಳಿವೆ. ನೀರಾವರಿ ನಿಗಮದ ಕಚೇರಿಗೆ ಕಾಲೇಜಿನ ಪತ್ರ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಪರ್ಸಿ (ನೆಲಹಾಸಿನ ಕಲ್ಲು) ಗಣಿಯ ಹೊಂಡಗಳಲ್ಲಿ ನೀರು ತಿಳಿಯಾಗಿರುತ್ತದೆಂದು ಅತ್ತ ಹೋಗಬೇಡಿ. ಕಡಿದಾದ ಗೋಡೆ, ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ವಾಹನ ಮುಳುಗಿದರೆ ಮುಳುಗಲಿ, ಅದನ್ನು ತರಲು ಯಾರೂ ನೀರಿಗೆ ಇಳಿಯಬಾರದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇಂಥ ವಾಹನಗಳಿಗಾಗಿಯೇ ಸೇವ್ ಎಂಬ ವಿದ್ಯಾರ್ಥಿ ಸ್ಪರ್ಧೆಯನ್ನು ನಡೆಸಿದೆ, ಅದರ ಪ್ರಕಟಣೆಗಳನ್ನು ಗಮನಿಸುತ್ತಿರಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 200 ಮೀಟರ್ ಆಳಕ್ಕೆಂದು ಕಟ್ಟಿದ ಮಾಯಾ ಎಂಬ ಸಣ್ಣ ವಾಹನದ ಬಗ್ಗೆ ಅಲ್ಲಿನ ವಿಜ್ಞಾನಿಗಳು ಬರೆದಿರುವುದನ್ನು ಓದಿ. ನಿಮ್ಮ ಉದ್ದೇಶಕ್ಕೆ ಹತ್ತಿರದ ಮಾದರಿ ಅದೇ.

ಕೇಳಿದವರು, ಕಲಬುರಗಿ

ಮೂವರಿಗೂ ಶರಣು. ಕಂಪ್ಯೂಟರಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಉಕ್ಕಿನ ಪೈಪು ಮತ್ತು ಫ್ಲ್ಯಾಂಜನ್ನು ಲೇತ್ ಅಂಗಡಿಗೆ ಹೇಳಿದ್ದೇವೆ. ನಿನ್ನೆ ಬೆಳಗಿನ ಆರು ಗಂಟೆಗೆ ಖಾಲಿ ಕೊಳವೆಯ ನಿರ್ವಾತ ಪರೀಕ್ಷೆ ಮಾಡಿದೆವು. ಮುಳ್ಳು ಎಂಟನೆಯ ನಿಮಿಷದಲ್ಲಿ ಕದಲಿತು. ಮುಚ್ಚಳ ತೆಗೆದು ನೋಡಿದಾಗ ಓ-ರಿಂಗ್ ಸ್ವಚ್ಛವಾಗಿಯೇ ಇತ್ತು, ಆದರೆ ಅದು ಕೂರುವ ಗಾಡಿಯ ಅಂಚಿನಲ್ಲಿ ಲೇತಿನ ಉಳಿ ಎಳೆದ ಸಣ್ಣ ಗೀರು ಉಗುರಿಗೆ ತಾಗಿತು. ಅದನ್ನು ನಯವಾದ ಮರಳುಕಾಗದದಿಂದ ಉಜ್ಜಿ ಸರಿಪಡಿಸಬಹುದೇ, ಅಥವಾ ಮುಚ್ಚಳವನ್ನೇ ಹೊಸದಾಗಿ ಕಡೆಸಬೇಕೇ?

ಉತ್ತರ, ಶಹಾಬಾದಿನಿಂದ

ಗೀರು ಗಾಡಿಯ ಸುತ್ತು ದಿಕ್ಕಿನಲ್ಲಿಯೇ ಇದ್ದರೆ, 600ರ ಮರಳುಕಾಗದವನ್ನು ಎಣ್ಣೆಯಲ್ಲಿ ಅದ್ದಿ ಅದೇ ದಿಕ್ಕಿನಲ್ಲಿ ಉಜ್ಜಿ ನೋಡಬಹುದು. ಅಡ್ಡಲಾಗಿದ್ದರೆ ಹೊಸದನ್ನೇ ಕಡೆಸಿ. ಈ ಸಲ ಲೇತ್ ಮೇಸ್ತ್ರಿಯ ಪಕ್ಕದಲ್ಲಿ ನೀವೇ ನಿಂತು, ಗಾಡಿಯ ಕೊನೆಯ ಸುತ್ತನ್ನು ಹರಿತವಾದ ಉಳಿಯಿಂದ ನಿಧಾನವಾಗಿ ತೆಗೆಯಲು ಹೇಳಿ. ಭಾನುವಾರ ನಾನು ಕಲಬುರಗಿಗೆ ಬರುವವನಿದ್ದೇನೆ, ಹಳೆಯ ಮುಚ್ಚಳವನ್ನೂ ಓ-ರಿಂಗನ್ನೂ ಎಸೆಯದೆ ಇಟ್ಟಿರಿ.