ರ‍್ಯಾಂಪ್ ಇಲ್ಲದ ನದಿಯಲ್ಲಿ ಚಿಕ್ಕ ದೋಣಿ ಇಳಿಸೋಕೆ ಜಾಗ ಹುಡುಕೋದು ಹೇಗೆ?

ತೇಲುಬೆಂಡು

12 ಅಡಿಯ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ. ಖಾಲಿ ತೂಕ 65 ಕೆಜಿ, 4 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ 26 ಕೆಜಿ, ಒಂದೇ ಅಚ್ಚಿನ ಹಗುರ ಟ್ರೇಲರ್. ಟ್ರೇಲರ್, ಪೆಟ್ರೋಲು, ಲಂಗರು ಎಲ್ಲ ಸೇರಿ ಸುಮಾರು 220 ಕೆಜಿ. ಇಳಿಸೋಕೆ ಇಬ್ಬರೇ. ನಿಂತ ನೀರಲ್ಲಿ ಇಳಿಸಿ ರೂಢಿಯಿದೆ, ಹರಿಯೋ ನೀರು ಹೊಸದು.

ಕಟ್ಟಿದ ರ‍್ಯಾಂಪ್ (ದೋಣಿ ಇಳಿಸೋ ಇಳಿಜಾರು) ಇಲ್ಲದ ನದಿಯಲ್ಲಿ ಜಾಗ ಹೇಗೆ ಹುಡುಕ್ತೀರಿ? ನಕ್ಷೆಯಲ್ಲಿ ಏನು ನೋಡಬೇಕು? ಸ್ಥಳಕ್ಕೆ ಹೋದ ಮೇಲೆ ಏನನ್ನು ಅಳೀಬೇಕು? ಉಪಗ್ರಹ ಚಿತ್ರದಲ್ಲಿ ಬಯಲಾಗಿ ಕಾಣೋ ಮರಳೆಲ್ಲ ಗಾಡಿಯ ಭಾರ ತಡೆಯುತ್ತಾ? "ಹೋಗಿ ನೋಡಿ, ಗೊತ್ತಾಗುತ್ತೆ" ಅನ್ನೋ ಉತ್ತರ ಬೇಡ ದಯವಿಟ್ಟು.

---

ನಕ್ಷೆಹುಳ

ಮೊದಲು ನಕ್ಷೆಯ ಕೆಲಸ ಹೇಳ್ತೀನಿ. ಅರ್ಧ ಜಾಗಗಳನ್ನು ಕೂತಲ್ಲೇ ಹೊಡೆದುಹಾಕಬಹುದು.

ಒಂದೇ ದಿನದ ಉಪಗ್ರಹ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳ ಪಟ್ಟಿ ಇರುತ್ತೆ (ಗಡಿಯಾರದ ಗುರುತು). ಅದೇ ಜಾಗದ ನಾಲ್ಕೈದು ದಿನಾಂಕ ತೆಗೆದು ನೋಡಿ. ನೀರು ತೀರಾ ಇಳಿದ ದಿನದ ಚಿತ್ರ ಎಲ್ಲಕ್ಕಿಂತ ಮುಖ್ಯ. ತುಂಬಿದಾಗ ಮುಚ್ಚಿಹೋಗೋ ಬಂಡೆ, ಹಳೆ ಸೇತುವೆಯ ಕಂಬದ ಮೊಂಡು, ಮರಳ ದಿಬ್ಬ ಎಲ್ಲ ಆಗ ಮಾತ್ರ ಹೊರಗೆ ಕಾಣೋದು. ಐದೂ ಚಿತ್ರದಲ್ಲಿ ದಡದ ಗೆರೆ ಹೆಚ್ಚುಕಮ್ಮಿ ಒಂದೇ ಕಡೆ ಇದ್ದರೆ ಅಲ್ಲಿ ನೆಲ ಗಟ್ಟಿ ಇರೋ ಸಂಭವ ಹೆಚ್ಚು. ಪ್ರತಿ ವರ್ಷ ಜಾಗ ಬದಲಿಸೋ ಮರಳು ದಡಕ್ಕೆ ನಂಬಿಕೆ ಇಲ್ಲ.

ಹಳೆ ಚಿತ್ರ ಸಿಗದ ಕಡೆ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ, ಕೋಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತ. ಒಂದು ಚುಕ್ಕೆ ಅಂದರೆ 10 ಮೀಟರ್, ಹಾಗಾಗಿ ದಾರಿ, ಮೆಟ್ಟಿಲು ಕಾಣಲ್ಲ. ಆದರೆ ಸುಮಾರು 5 ದಿನಕ್ಕೊಮ್ಮೆ ಹೊಸ ಚಿತ್ರ ಬರೋದರಿಂದ ನೀರು ಯಾವ ತಿಂಗಳು ಎಲ್ಲಿಗೆ ಇಳಿಯುತ್ತೆ ಅನ್ನೋದು ಚೆನ್ನಾಗಿ ಸಿಗುತ್ತೆ. ಮೋಡದ ತಿಂಗಳುಗಳನ್ನು ಬಿಟ್ಟುಬಿಡಿ.

ಆಮೇಲೆ ದಾರಿ. ನದಿಗೆ ಅಡ್ಡಲಾಗಿ ಬಂದು ನೀರಂಚಲ್ಲೇ ಮುಗಿಯೋ ದಾರಿ ಹುಡುಕಿ. ಎದುರು ದಡದಲ್ಲೂ ನೇರಕ್ಕೆ ಇನ್ನೊಂದು ದಾರಿ ಶುರುವಾದರೆ ಅದು ಹಳೆ ಕಡವು ಅಥವಾ ಹಾಯಗಡ. ಕಡವು ಅಂದರೆ ದೋಣಿ ದಾಟುತ್ತಿದ್ದ ಜಾಗ, ಸಾಮಾನ್ಯವಾಗಿ ಸೆಳವು ಕಮ್ಮಿ, ಇಳಿಜಾರು ಹದ, ನಿಮಗೆ ಬೇಕಾದ್ದು ಅದೇ. ಹಾಯಗಡ ಅಂದರೆ ನಡೆದು ದಾಟುತ್ತಿದ್ದ ಜಾಗ. ನೆಲ ಗಟ್ಟಿ ಇರುತ್ತೆ, ಆದರೆ ನೀರು ತೆಳುವಾಗಿ, ಬಿರುಸಾಗಿ ಹರಿಯುತ್ತೆ. ಪ್ರೊಪೆಲ್ಲರ್ ಕಲ್ಲಿಗೆ ಬಡಿಯೋದು ಇಂಥಲ್ಲೇ. ಸೇತುವೆ ಬಂದ ಮೇಲೆ ಬಿಟ್ಟುಹೋದ ಕಡವುಗಳು ಹೊಸ ಸೇತುವೆಯಿಂದ ತುಸು ದೂರದಲ್ಲೇ ಇರೋದುಂಟು. ಹಳೆ ಸರ್ವೆ ನಕ್ಷೆಗಳಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇರುತ್ತೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದೋಣಿ ಇಳಿಸೋ ಜಾಗಕ್ಕೆ 'leisure=slipway' ಅನ್ನೋ ಟ್ಯಾಗ್ (ಗುರುತುಪದ) ಇದೆ. ಓವರ್‌ಪಾಸ್ ಟರ್ಬೊ ಅನ್ನೋ, ಆ ನಕ್ಷೆಯಲ್ಲಿ ಹುಡುಕೋ ಜಾಲತಾಣದಲ್ಲಿ ಆ ಟ್ಯಾಗ್ ಹಾಕಿ ನದಿಯುದ್ದಕ್ಕೂ ಹುಡುಕಬಹುದು. ಯಾರೂ ಗುರುತು ಹಾಕದ ಜಾಗಗಳೇ ಜಾಸ್ತಿ ಇರೋದರಿಂದ, ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಜಾಗವೇ ಇಲ್ಲ ಅಂತಲ್ಲ.

ಇಳಿಜಾರನ್ನು ಮಾತ್ರ ಕಂಪ್ಯೂಟರಿನಲ್ಲಿ ಅಳೆಯೋಕೆ ಹೋಗಬೇಡಿ. ಉಚಿತವಾಗಿ ಸಿಗೋ ಎತ್ತರದ ದತ್ತಾಂಶದಲ್ಲಿ ಒಂದು ಚೌಕ ಸಾಮಾನ್ಯವಾಗಿ 30 ಮೀಟರ್, ನಿಮಗೆ ಬೇಕಿರೋದು ಕೊನೆಯ 8 ಮೀಟರ್. ತಿರುವಿನ ಒಳಬದಿಯ ದಡ ಇಳಿಜಾರು ಕಮ್ಮಿ ಇರುತ್ತೆ, ಅಲ್ಲಿಂದ ಶುರು ಮಾಡಿ.

---

ಬಿದಿರುಗಳ

ಸ್ಥಳಕ್ಕೆ ಹೋಗುವಾಗ ಟ್ರೇಲರ್ ಬಿಟ್ಟು ಹೋಗಿ. ಜೊತೆಗೆ ಬೇಕಾದ್ದು: ಒಂದು ಮೀಟರಿನ ನೆಟ್ಟನೆಯ ಪಟ್ಟಿ, ರಸಮಟ್ಟ, ಟೇಪು, 12 ಮಿಮೀ ಕಬ್ಬಿಣದ ಸರಳು, 10 ಸೆಂಮೀಗೊಂದು ಗುರುತು ಹಾಕಿದ ಮೂರು ಮೀಟರ್ ಗಳ.

ಇಳಿಜಾರು: ಪಟ್ಟಿಯ ಒಂದು ತುದಿ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ನೀರಿನ ಕಡೆ ಮಟ್ಟವಾಗಿ ಹಿಡಿದು, ಆ ತುದಿಯ ಕೆಳಗಿನ ಸಂದು ಅಳೆಯಿರಿ. 12ರಿಂದ 15 ಸೆಂಮೀ ಬಂದರೆ ಹದ, ಕಟ್ಟಿದ ರ‍್ಯಾಂಪ್‌ಗಳೂ ಇದೇ ಅಳತೆಯವು. ಅದಕ್ಕಿಂತ ಕಡಿದಾದರೆ ಒದ್ದೆ ನೆಲದಲ್ಲಿ ಗಾಡಿಯ ಚಕ್ರ ಜಾರುತ್ತೆ. ಕಮ್ಮಿಯಾದರೂ ತೊಂದರೆ, ಅದನ್ನು ಜನ ಮರೀತಾರೆ. ಲೆಕ್ಕ ನೋಡಿ: ದೋಣಿ ಟ್ರೇಲರಿನಿಂದ ತೇಲಿ ಏಳೋಕೆ ಅದರ ಹಿಂತುದಿಯಲ್ಲಿ ಸುಮಾರು 60 ಸೆಂಮೀ ನೀರು ಬೇಕು ಅಂತಿಟ್ಟುಕೊಳ್ಳಿ. ಮೀಟರಿಗೆ 12.5 ಸೆಂಮೀ ಇಳಿಜಾರಿದ್ದರೆ ಆ ಆಳ ಸಿಗೋದು ದಡದಿಂದ 4.8 ಮೀಟರಿಗೆ. ದೋಣಿ 3.6 ಮೀಟರ್, ಟ್ರೇಲರಿನ ಮೂತಿ 1.2 ಮೀಟರ್, ಅಲ್ಲಿಗೆ ಗಾಡಿಯ ಕೊಕ್ಕೆ ಸರಿಯಾಗಿ ನೀರಂಚಲ್ಲಿ ನಿಲ್ಲುತ್ತೆ. ಇಳಿಜಾರು 8 ಸೆಂಮೀ ಅಂದರೆ 7.5 ಮೀಟರ್ ಒಳಗೆ ಹೋಗಬೇಕು, ಆಗ ಹಿಂಚಕ್ರವೂ ನೀರಲ್ಲಿ. ಅಂಥ ಕಡೆ ಟ್ರೇಲರನ್ನು ಕಳಚಿ, ಗಾಡಿಯನ್ನು ಮೇಲೆ ಗಟ್ಟಿ ನೆಲದಲ್ಲಿ ಕಲ್ಲು ಕೊಟ್ಟು ನಿಲ್ಲಿಸಿ, ಅದಕ್ಕೆ ಕಟ್ಟಿದ ಹಗ್ಗದಲ್ಲಿ ಟ್ರೇಲರ್ ಮಾತ್ರ ಇಳಿಸಿ.

ಈಗ ನೆಲ. ನಿಮ್ಮ ಕೊನೆ ಪ್ರಶ್ನೆಗೆ ಉತ್ತರ: ಇಲ್ಲ, ಎಲ್ಲ ಮರಳೂ ತಡೆಯಲ್ಲ. ಒಂದು ಕಾಲೆತ್ತಿ, ಇನ್ನೊಂದರ ಹಿಮ್ಮಡಿ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. 70 ಕೆಜಿಯ ಆಳಿನ ಹಿಮ್ಮಡಿ ಸುಮಾರು 30 ಚದರ ಸೆಂಮೀ, ಅಂದರೆ ಚದರ ಸೆಂಮೀಗೆ 2.3 ಕೆಜಿ. ಕಾರಿನ ಟೈರು ನೆಲವನ್ನು ಒತ್ತೋದೂ ಹೆಚ್ಚುಕಮ್ಮಿ ಅಷ್ಟೇ. ಹಿಮ್ಮಡಿ ಎರಡು ಸೆಂಮೀಗಿಂತ ಹೆಚ್ಚು ಇಳಿದರೆ ಗಾಡಿ ಬೇಡ.

ಆದರೆ ಹಿಮ್ಮಡಿ ಪರೀಕ್ಷೆ ಮೇಲ್ಪದರಕ್ಕೆ ಮಾತ್ರ. ಟೈರು ಅಗಲ ಇರೋದರಿಂದ ಅದರ ಒತ್ತಡ ಇನ್ನೂ ಆಳಕ್ಕೆ ಹೋಗುತ್ತೆ. ನೀರು ಇಳಿದ ಹೊಸತರಲ್ಲಿ ಹೂಳಿನ ಮೇಲೆ ಒಣ ಹಕ್ಕಳೆ ಕಟ್ಟಿ, ಬಿರುಕು ಬಿಟ್ಟು, ಗಟ್ಟಿ ನೆಲದ ಹಾಗೆ ಕಾಣುತ್ತೆ. ಅಡಿಯಲ್ಲಿ ಹುದುಲು. ನಡೆದರೆ ತಡೆಯುತ್ತೆ, ಗಾಡಿ ಹೋದರೆ ಅಚ್ಚಿನ ತನಕ ಕೂರುತ್ತೆ. ಅದಕ್ಕೇ ಸರಳು. ಚಕ್ರ ಹೋಗೋ ಎರಡೂ ಸಾಲಿನಲ್ಲಿ ಅರ್ಧ ಮೀಟರಿಗೊಮ್ಮೆ ಚುಚ್ಚಿ. ಒಂದೇ ಕೈಯಲ್ಲಿ ಒತ್ತಿದರೆ ಒಂದು ಅಡಿ ಇಳಿಯೋ ಜಾಗ ಒಂದೇ ಒಂದು ಸಿಕ್ಕರೂ ಆ ಸಾಲು ಬಿಡಿ.

ಒಣ ಮರಳಿಗಿಂತ ಹಸಿ ಮರಳು ಗಟ್ಟಿ, ಇದೂ ನೆನಪಿರಲಿ. ತೊಂದರೆ ಬರೋದು ನೀರಂಚಿಗಿಂತ ಮೇಲಿನ ಸಡಿಲ ಮರಳಲ್ಲಿ, ಅದೂ ವಾಪಸು ಏರುವಾಗ. ನಿಮ್ಮ 220 ಕೆಜಿಯನ್ನು 15 ಸೆಂಮೀ ಇಳಿಜಾರಿನ ಕಾಂಕ್ರೀಟಿನಲ್ಲಿ ಮೇಲಕ್ಕೆಳೆಯೋಕೆ 35-40 ಕೆಜಿಯ ಎಳೆತ ಸಾಕು, ಸಡಿಲ ಮರಳಲ್ಲಿ ಅದು ದುಪ್ಪಟ್ಟು ಮೀರುತ್ತೆ. ಇಳಿದ ಜಾಗದಿಂದ ಮೇಲೆ ಬರೋಕಾಗಲ್ಲ ಅನ್ನೋ ದೂರಿಗೆಲ್ಲ ಇದೇ ಕಾರಣ.

ಕೊನೆಗೆ ಗಳ ಹಿಡಿದು, ಲೈಫ್ ಜಾಕೆಟ್ ಹಾಕಿ, ಮೊಣಕಾಲು ನೀರಿನವರೆಗೆ ಇಳಿದು ಮುಂದಿನ ಆಳ ನೋಡಿ. ಐದು ಮೀಟರ್ ತನಕ ಅರ್ಧ ಮೀಟರಿಗೊಂದು ಅಳತೆ. ಒಂದು ಅಳತೆಯಿಂದ ಮುಂದಿನದಕ್ಕೆ 20 ಸೆಂಮೀಗಿಂತ ಹೆಚ್ಚು ಹಾರಿದರೆ ಅಲ್ಲಿ ಅಂಚು ಕಡಿದಿದೆ, ಟ್ರೇಲರಿನ ಚಕ್ರ ಅದರಾಚೆ ಬಿದ್ದರೆ ಎತ್ತೋಕೆ ಜನ ಕರೀಬೇಕು. ಕಟ್ಟಿದ ರ‍್ಯಾಂಪ್‌ನ ತುದಿಯಲ್ಲೂ ಈ ಗುಂಡಿ ಇರುತ್ತೆ: ಇಂಜಿನ್ ಜೋರಾಗಿ ಓಡಿಸಿ ದೋಣಿಯನ್ನು ಟ್ರೇಲರಿಗೆ ಏರಿಸೋರು ಪ್ರೊಪೆಲ್ಲರಿನ ನೀರಿನಿಂದ ಕಾಂಕ್ರೀಟಿನ ಕೊನೆಯ ಮಣ್ಣನ್ನೆಲ್ಲ ಕೊರೆದಿರ್ತಾರೆ.

---

ಹೊರತಿರುವು

ನಕ್ಷೆಹುಳ ಹೇಳಿದ್ದರಲ್ಲಿ ಒಂದು ತಿದ್ದುಪಡಿ. ಒಳತಿರುವು ಅಂದ ಕೂಡಲೇ ಅದರ ನಡುಮಧ್ಯಕ್ಕೆ ಹೋಗಬೇಡಿ. ಅಲ್ಲಿ ನದಿ ಮರಳು ತಂದು ಸುರಿಯುತ್ತೆ, ಇಪ್ಪತ್ತು ಮೀಟರ್ ನಡೆದರೂ ನೀರು ಮೊಣಕಾಲು ದಾಟಲ್ಲ, ಇಂಜಿನ್ ಇಳಿಸೋಕೇ ಆಗಲ್ಲ. ಹೊರತಿರುವು ಆಳ, ಆದರೆ ದಡ ಗೋಡೆಯ ಹಾಗೆ ಕಡಿದು ನಿಂತು, ಕೆಳಗಿನಿಂದ ಕೊರೀತಾ ಇರುತ್ತೆ. ಬಿದ್ದ ಮರಗಳೂ ಅಲ್ಲೇ ಸಿಕ್ಕಿಕೊಳ್ಳೋದು. ಮರದ ಕೊಂಬೆಗಳ ಸಂದಿಯಿಂದ ನೀರು ಹೋಗುತ್ತೆ, ದೋಣಿ ಹೋಗಲ್ಲ, ಸೆಳವು ಅದನ್ನು ಅದುಮಿ ಮಗುಚುತ್ತೆ. ನೋಡಬೇಕಾದ್ದು ಒಳತಿರುವಿನ ದಿಬ್ಬ ಮುಗಿದು ನದಿ ನೇರವಾಗೋ ಕೆಳತುದಿ. ದಿಬ್ಬದ ಮರೆಯಲ್ಲಿ ನೀರು ನಿಧಾನ, ಆಳ ಬೇಗ ಸಿಗುತ್ತೆ. ಕಲ್ಲಿನ ಮೂತಿಯೊಂದು ನದಿಯೊಳಕ್ಕೆ ಚಾಚಿದ್ದರೆ ಅದರ ಕೆಳಬದಿಯೂ ಹಾಗೇ. ಅಲ್ಲಿ ನೀರು ದಡದ ಗುಂಟ ಹಿಂದಕ್ಕೆ ಮೇಲ್ಮುಖವಾಗಿ ತಿರುಗ್ತಾ ಇರೋದು ಕಾಣುತ್ತೆ. ಆ ಹಿಮ್ಮುಖ ನೀರಿಗೂ ಹರಿವಿಗೂ ನಡುವಿನ ಗೆರೆ ದಾಟುವಾಗ ಚಪ್ಪಟೆ ದೋಣಿ ಪಕ್ಕಕ್ಕೆ ವಾಲುತ್ತೆ, ಇಬ್ಬರೂ ಕೂತೇ ದಾಟಿ.

ಸೆಳವು ಅಳೆಯೋದು ಸುಲಭ. ದಡದಲ್ಲಿ 10 ಮೀಟರ್ ಗುರುತಿಸಿ, ಅರ್ಧ ಮುಳುಗಿ ತೇಲೋ ಹಸಿ ಕಡ್ಡಿ ಎಸೆದು ಸಮಯ ನೋಡಿ. ಹಗುರ ಬಾಟಲಿ ಬೇಡ, ಗಾಳಿ ತಳ್ಳುತ್ತೆ. 20 ಸೆಕೆಂಡ್ ಆದರೆ ಆರಾಮ. 10 ಸೆಕೆಂಡ್ ಅಂದರೆ ಗಂಟೆಗೆ 3.6 ಕಿಮೀ. ಇಂಜಿನ್ ಕೈಕೊಟ್ಟರೆ ಹುಟ್ಟು ಹಾಕಿ ಎದುರು ಬರೋದು ಅಲ್ಲಿಗೆ ಬಹುತೇಕ ಮುಗೀತು. ನೀರಲ್ಲಿ ನಿಂತು ದೋಣಿ ಹಿಡಿಯೋರಿಗೆ ಇನ್ನೊಂದು ಲೆಕ್ಕ: ಮೀಟರಿನಲ್ಲಿ ಆಳ, ಸೆಕೆಂಡಿಗೆ ಮೀಟರಿನಲ್ಲಿ ವೇಗ, ಎರಡನ್ನೂ ಗುಣಿಸಿ 0.6 ದಾಟಿದರೆ ನಿಲ್ಲಬೇಡಿ.

ದೋಣಿ ಬಿಡುವಾಗ ಮೂತಿಗೊಂದು, ಹಿಂಬದಿಗೊಂದು ಹಗ್ಗ. ಕೆರೆಯ ರೂಢಿಯಲ್ಲಿ ಮೂತಿಯ ಹಗ್ಗ ಮಾತ್ರ ಹಿಡಿದರೆ ಹಿಂಬದಿಯನ್ನು ಸೆಳವು ತಿರುಗಿಸಿ ಟ್ರೇಲರಿನ ಕೆಳಬದಿಯ ಕಂಬಕ್ಕೆ ಒತ್ತಿಬಿಡುತ್ತೆ. ತೇಲಿದ ಕೂಡಲೇ ಮೂತಿಯನ್ನು ಮೇಲ್ಹೊಳೆಗೆ ತಿರುಗಿಸಿ ದಡಕ್ಕೆ ಒರಗಿಸಿ.

---

ತೇಲುಬೆಂಡು

ಎಲ್ಲರಿಗೂ ಧನ್ಯವಾದ, ಹಿಮ್ಮಡಿ ಲೆಕ್ಕ ಗೊತ್ತೇ ಇರಲಿಲ್ಲ. ಇನ್ನೆರಡು. ತಗ್ಗು ಅಣೆಯ (ನದಿಗೆ ಅಡ್ಡ ಕಟ್ಟಿದ, ನೀರು ಮೇಲಿಂದ ಹರಿದು ಬೀಳೋ ಕಟ್ಟೆ) ಮೇಲ್ಬದಿಯಲ್ಲಿ ನೀರು ಕೆರೆಯಂತೆ ನಿಂತಿದೆ, ದಾರಿಯೂ ಇದೆ, ಅಲ್ಲಿಂದ ಇಳಿಸಬಹುದಾ? ಇನ್ನೊಂದು ಕಡೆ ಕಲ್ಲಿನ ಮೆಟ್ಟಿಲು ನೀರಿನೊಳಗೆ ಹೋಗುತ್ತೆ, ಟ್ರೇಲರ್ ಸಾಗಲ್ಲ.

---

ಹೊರತಿರುವು

ಅಣೆಯ ಹತ್ತಿರ ಬೇಡ. ಮೇಲಿನಿಂದ ನೋಡಿದರೆ ಅಣೆ ಕಾಣೋದೇ ಇಲ್ಲ, ನೀರಿನ ಮಟ್ಟ ಒಂದು ಗೆರೆಯಲ್ಲಿ ಮುಗಿದ ಹಾಗೆ ಇರುತ್ತೆ ಅಷ್ಟೇ. ಕೆಳಗೆ ಬಿದ್ದ ನೀರು ಮಗುಚಿ ಮತ್ತೆ ಅಣೆಯ ಕಡೆಗೇ ಉರುಳುತ್ತೆ. ಒಂದು ಮೀಟರ್ ಎತ್ತರದ ಅಣೆಯೂ ಜಾಕೆಟ್ ಹಾಕಿದ ಮನುಷ್ಯನನ್ನು ಆ ಉರುಳಿನಲ್ಲಿ ಹಿಡಿದಿಡಬಲ್ಲದು. ಹಾಗಾಗಿ ಕೆಳಬದಿಯಿಂದಲೂ ಹತ್ತಿರ ಹೋಗಬೇಡಿ.

ಎಷ್ಟು ದೂರ ಸಾಕು ಅನ್ನೋದನ್ನು ಸೆಳವಿನಿಂದ ಲೆಕ್ಕ ಹಾಕಿ. ಇಂಜಿನ್ ನಿಂತು, ಹಗ್ಗ ಎಳೆದೆಳೆದು, ಕೊನೆಗೆ ಹುಟ್ಟು ತೆಗೆದು ದಡ ಸೇರೋಕೆ 10 ನಿಮಿಷ ಅಂತಿಟ್ಟರೆ, ಸೆಕೆಂಡಿಗೆ ಅರ್ಧ ಮೀಟರ್ ಹರಿವಿನಲ್ಲೇ 300 ಮೀಟರ್ ತೇಲಿರ್ತೀರಿ. ಅದರ ಮೂರು ಪಟ್ಟು ದೂರ ಇಟ್ಟುಕೊಳ್ಳಿ. ಲಂಗರು ಮೂತಿಯಲ್ಲಿ ಸಿದ್ಧ ಇರಲಿ, ಹಗ್ಗ ಆಳದ ಐದು ಪಟ್ಟಾದರೂ. ಲಂಗರನ್ನು ಹಿಂಬದಿಗೆ ಕಟ್ಟಬೇಡಿ, ಇಂಜಿನಿನ ಭಾರಕ್ಕೆ ಮೊದಲೇ ತಗ್ಗಿರೋ ಕಡೆ ಸೆಳವಿನ ನೀರು ಒಳಗೆ ನುಗ್ಗುತ್ತೆ.

ಮೇಲೆ ಅಣೆಕಟ್ಟು ಇದ್ದರೆ ದಡದ ಕಲ್ಲು ನೋಡಿ. ಮಳೆ ಇಲ್ಲದ ದಿನ, ನೀರಂಚಿಗಿಂತ ಒಂದೆರಡು ಅಡಿ ಮೇಲಿನ ತನಕ ಕಲ್ಲು ಒದ್ದೆ ಇದ್ದರೆ ನೀರು ಆಗಷ್ಟೇ ಬಿಟ್ಟು ನಿಲ್ಲಿಸಿದ್ದಾರೆ ಅಂತ, ಮತ್ತೆ ಬಿಡಬಹುದು. ಗಾಡಿ, ಟ್ರೇಲರ್ ಎರಡನ್ನೂ ಆ ಗೆರೆಗಿಂತ, ಕಸಕಡ್ಡಿ ಸಿಕ್ಕಿಕೊಂಡಿರೋ ಗೆರೆಗಿಂತ ಮೇಲೆ ನಿಲ್ಲಿಸಿ. ನೀರಂಚಿಗೆ ಒಂದು ಗೂಟ ಹೊಡೆದು ಅರ್ಧ ಗಂಟೆ ಕಾದು ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತೆ.

---

ಬಿದಿರುಗಳ

ಮೆಟ್ಟಿಲು ಒಳ್ಳೆ ಜಾಗವೇ. 65 ಕೆಜಿ ಖಾಲಿ ದೋಣಿಯನ್ನು ಇಬ್ಬರು ಎತ್ತೋದು ಬೇಡ, ಜಾರಿಸಿ. ಮೂರು ಮೀಟರ್ ಉದ್ದ, 25 ಸೆಂಮೀ ಅಗಲ, 5 ಸೆಂಮೀ ದಪ್ಪದ ಎರಡು ಹಲಗೆಗಳನ್ನು ದೋಣಿಯ ತಳದ ಏಣುಗಳಿಗೆ ಸರಿಯಾಗಿ, ಹಳಿಯ ಹಾಗೆ, ಮೆಟ್ಟಿಲುಗಳ ಅಂಚಿನ ಮೇಲೆ ಮಲಗಿಸಿ. ಮೇಲೆ ಹಳೆ ಚಾಪೆಯೋ ರತ್ನಗಂಬಳಿ ತುಂಡೋ ಮೊಳೆ ಇಲ್ಲದೆ ಕಟ್ಟಿ ನೀರು ಚಿಮುಕಿಸಿ. ಹಲಗೆಯ ಮೇಲ್ತುದಿಗೆ ತೂತು ಕೊರೆದು ಹಗ್ಗದಿಂದ ಗಟ್ಟಿ ಕಂಬಕ್ಕೆ ಬಿಗೀರಿ, ಇಲ್ಲದಿದ್ದರೆ ದೋಣಿಗಿಂತ ಮೊದಲು ಹಲಗೆ ಜಾರುತ್ತೆ. ದೋಣಿಯ ಹಗ್ಗವನ್ನೂ ಅದೇ ಕಂಬಕ್ಕೆ ಎರಡು ಸುತ್ತು ಸುತ್ತಿ ಸಡಿಲಿಸ್ತಾ ಬನ್ನಿ. ಎರಡು ಸುತ್ತಿನ ಉಜ್ಜಿಗೆ ಒಬ್ಬರ ಕೈಯೇ ಸಾಕು, ಕೆಳಗೆ ದೋಣಿಯ ಮುಂದೆ ಯಾರೂ ನಿಲ್ಲೋದು ಬೇಡ.

ನೀರಿನೊಳಗಿನ ಮೊದಲ ಎರಡು ಮೆಟ್ಟಿಲಲ್ಲಿ ಪಾಚಿ ಇರುತ್ತೆ. ಗಟ್ಟಿ ಪೊರಕೆಯಿಂದ ಉಜ್ಜಿ, ಮೇಲೆ ಒಂದು ಬೊಗಸೆ ಒರಟು ಮರಳು ಎರಚಿ ಕಾಲಿಡಿ. ಇಂಜಿನ್ ಹಾಕೋದು ದೋಣಿ ತೇಲಿದ ಮೇಲೆ, ಆದರೆ ದೋಣಿ ನೀರಿಗೆ ಇಳಿಯೋ ಮೊದಲೇ ತಳದ ಬಿರಡೆ (ನೀರು ಬಸಿಯೋ ತೂತಿನ ಮುಚ್ಚಳ) ಹಾಕಿದೆಯಾ ನೋಡಿ. ಆ ಮೆಟ್ಟಿಲು, ಅದಕ್ಕೆ ಬರೋ ದಾರಿ ಯಾರದ್ದು ಅಂತ ಕೇಳಿಕೊಂಡೇ ಹೋಗಿ. ನೀರಲ್ಲಿ ದೋಣಿ ಬಿಡೋ ಹಕ್ಕು ಬೇರೆ, ದಡ ದಾಟೋ ಹಕ್ಕು ಬೇರೆ. ಮೇಲೆತ್ತಿದ ಮೇಲೆ ಬಿರಡೆ ತೆಗೆದು ನೀರು ಅಲ್ಲೇ ಬಸಿಯಿರಿ. ಟ್ರೇಲರಿನ ಅಚ್ಚಿಗೆ ಸುತ್ತಿದ ಜೊಂಡು, ಅಂತರಗಂಗೆಯನ್ನೂ ಅಲ್ಲೇ ಕಿತ್ತು ದಡದ ಮೇಲೆ ಒಣಗೋಕೆ ಹಾಕಿ, ಅದರ ಒಂದು ತುಂಡು ಹೋದರೂ ಮುಂದಿನ ಕೆರೆ ತುಂಬ ಹಬ್ಬಬಹುದು.